ಸೋದರತ್ತೆ ಇಲ್ಲದ ಆಲ್ಬಮ್

ಹೊಸೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟವನಿಗೆ ವರ್ಷಕ್ಕೆ ಎರಡು ಆಷಾಢ. ಮೊದಲನೆಯದು ನಮ್ಮ ಕನ್ನಡದವರದು, ತೆಲುಗಿನವರದು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಅದು ಮುಗಿಯುವ ಮೊದಲೇ ತಮಿಳರ ಆಡಿ ಮಾಸ ಹಿಡಿದುಕೊಳ್ಳುತ್ತದೆ. ಅದು ಸೂರ್ಯನ ಲೆಕ್ಕ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಬೆಂಗಳೂರಿನ ಸ್ಟುಡಿಯೊದವನು ಒಂದು ತಿಂಗಳು ನೊಣ ಹೊಡೆದರೆ ನಲವತ್ತು ಕಿಲೋಮೀಟರ್ ಈಚೆಗಿರುವ ನಾವು ಕೆಲವು ವರ್ಷ ಹೆಚ್ಚುಕಮ್ಮಿ ಎರಡು ತಿಂಗಳು ಹೊಡೆಯಬೇಕು.

ಮದುವೆ ಇಲ್ಲದ ಈ ದಿನಗಳೇ ತಕರಾರಿನ ಸುಗ್ಗಿ. ವೈಶಾಖ, ಜ್ಯೇಷ್ಠದಲ್ಲಿ ಆದ ಮದುವೆಗಳ ಆಲ್ಬಮ್ಮುಗಳು ಆಗಷ್ಟೆ ಬೈಂಡಿಂಗ್ ಮುಗಿಸಿ ಮನೆ ಸೇರಿರುತ್ತವೆ. ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋಗಿರುತ್ತಾಳೆ. ಅತ್ತೆಯವರಿಗೆ ಪುರುಸೊತ್ತು. ಮಳೆ ಹನಿಯುವ ಮಧ್ಯಾಹ್ನ ಪಕ್ಕದ ಮನೆಯವರನ್ನು ಕೂರಿಸಿಕೊಂಡು ಆಲ್ಬಮ್ಮು ಬಿಚ್ಚುತ್ತಾರೆ. ಮದುವೆಯ ದಿನ ಯಾರಿಗೂ ಕಾಣದಿದ್ದದ್ದೆಲ್ಲ ಆಗ ಒಂದೊಂದಾಗಿ ಕಾಣತೊಡಗುತ್ತದೆ. ಮಾರನೇ ದಿನ ಆಲ್ಬಮ್ಮಿಗೆ ಜವಳಿ ಅಂಗಡಿಯ ಚೀಲದಲ್ಲಿ ಮತ್ತೆ ನಮ್ಮ ಸ್ಟುಡಿಯೊಗೇ ಪ್ರಯಾಣ.

ಡೆಂಕಣಿಕೋಟೆ ಕಡೆಯ ಒಬ್ಬ ತಾಯಿ ಬಂದದ್ದೂ ಹೀಗೇ. ಗಂಡಿನ ತಾಯಿ. ಜೊತೆಗೆ, ಸಾಕ್ಷಿಗೆ ಎಂಬಂತೆ, ಮಾತಾಡದ ಒಬ್ಬ ಯಜಮಾನರು. ಹನ್ನೆರಡು ಇಂಚು ಅಗಲ, ಬಿಚ್ಚಿದರೆ ಮೂವತ್ತಾರು ಇಂಚು ಉದ್ದದ ಆಲ್ಬಮ್ಮನ್ನು ಕೌಂಟರಿನ ಮೇಲೆ ಉದ್ದಕ್ಕೂ ಹರಡಿ, ಆರತಿಯ ಪುಟಕ್ಕೆ ಬಂದು ಬೆರಳಿಟ್ಟರು.

“ಏನಣ್ಣಾ, ನಮ್ಮ ನಾದಿನಿ ಎಲ್ಲವ್ರೆ ಇದ್ರಲ್ಲಿ?”

“ಇವರೇ ಅಲ್ವೇನಮ್ಮಾ, ಆರತಿ ಎತ್ತುತ್ತಿರೋರು?”

“ತಟ್ಟೆ ಐತೆ. ಕೈ ಐತೆ. ಬಳೆ ಐತೆ. ಮುಖ ಎಲ್ಲೈತೆ?”

ಮುಖವಿರಬೇಕಾದ ಜಾಗದಲ್ಲಿ ಯಾರದೋ ಹೂವಿನ ಜಡೆ ಇತ್ತು. ನಮ್ಮ ಕಡೆ ಹೂವಿಗೆ ಬರವಿಲ್ಲ. ಹೊಸೂರಿನ ಗುಲಾಬಿ ದೂರದೂರಕ್ಕೆ ಹೋಗುತ್ತದೆ, ಬಾಗಲೂರು, ಬೇರಿಕೆ ಕಡೆ ಹೊಲಗಟ್ಟಲೆ ಬೆಳೆಯುತ್ತಾರೆ. ಹಾಗಾಗಿ ಮದುವೆಗೆ ಬಂದ ಹೆಂಗಸರ ಜಡೆಗಳೂ ಧಾರಾಳ. ಫೋಟೊಗ್ರಾಫರಿಗೆ ಇದೊಂದು ಕಷ್ಟ ಅಂತ ಹೊರಗಿನವರಿಗೆ ಹೊಳೆಯುವುದಿಲ್ಲ.

“ದುಡ್ಡು ವಾಪಸ್ ಕೊಟ್ಬಿಡಿ, ಆಲ್ಬಮ್ಮು ನೀವೇ ಇಟ್ಕೊಳ್ಳಿ” ಎಂದರು ತಾಯಿ. ಯಜಮಾನರು ಈಗಲೂ ಮಾತಾಡಲಿಲ್ಲ. ಟೀ ತರಿಸಿದೆ. ಕುಡಿಯುತ್ತ ಕುಡಿಯುತ್ತ ವಿಷಯ ಹೊರಬಿತ್ತು. ಆ ಸೋದರತ್ತೆ ಈ ಯಜಮಾನರ ಅಕ್ಕ. ಜಮೀನಿನ ವಿಚಾರದಲ್ಲಿ ಮೊದಲೇ ಮನಸ್ತಾಪ. ಕರೆದು, ಒಲಿಸಿ, ಕಾರು ಕಳಿಸಿ ಮದುವೆಗೆ ಕರೆಸಿಕೊಂಡಿದ್ದರು. ಈಗ ಆಲ್ಬಮ್ಮು ನೋಡಿದ ಆಕೆ, ಬೇಕೆಂದೇ ನನ್ನ ಮುಖ ಬಿಡಿಸಿದ್ದಾರೆ ಎಂದು ಊಟ ಬಿಟ್ಟು ಎದ್ದು ಹೋಗಿದ್ದಾರೆ.

ಹಾರ್ಡ್ ಡಿಸ್ಕ್ ತೆಗೆದು ಹುಡುಕಲು ಕೂತೆವು. ಮದುವೆಯೊಂದಕ್ಕೆ ಸಾವಿರಾರು ಚಿತ್ರ. ಸೋದರತ್ತೆ ಕೊನೆಗೆ ಊಟದ ಪಂಕ್ತಿಯಲ್ಲಿ ಸಿಕ್ಕಿದರು, ಎಲೆಯ ಮುಂದೆ, ಪಾಯಸದ ಕೈ ಬಾಯಿಯ ಹತ್ತಿರ. ಇನ್ನೊಂದರಲ್ಲಿ ಮದುಮಗನ ಗಲ್ಲ ಹಿಡಿದು ನಗುತ್ತಿದ್ದರು. ಚಿತ್ರ ತುಸು ಅಲುಗಿದೆ ಎಂದು ಡಿಸೈನ್ ಮಾಡುವ ಹುಡುಗ ಪಕ್ಕಕ್ಕಿಟ್ಟಿದ್ದ. ಅದನ್ನು ಕಂಡದ್ದೇ ಯಜಮಾನರು ಮೊದಲ ಸಲ ಬಾಯಿ ಬಿಟ್ಟರು: “ಇದನ್ನ ದೊಡ್ಡದು ಮಾಡಿ, ಫ್ರೇಮ್ ಹಾಕಿ ಕೊಡಿ. ಎಷ್ಟಾಗ್ತದೆ?” ವಾಪಸ್ ಕೊಡಬೇಕಿದ್ದ ಹಣದ ಮಾತು ಅಲ್ಲಿಗೆ ಮುಗಿದು ಹೊಸ ಬಿಲ್ಲು ಹರಿಯಬೇಕಾಯಿತು.

ದುಡ್ಡು ವಾಪಸ್ ಕೇಳುವವರಲ್ಲಿ ದುಡ್ಡಿಗಾಗಿಯೇ ಬಂದವರು ಕಡಿಮೆ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಯಾರಿಗೋ ಉತ್ತರ ಕೊಡಬೇಕಾಗಿರುತ್ತದೆ. ಆ ಉತ್ತರ ನಮ್ಮಲ್ಲಿ ಸಿಕ್ಕೀತೇ ಎಂದು ಬಂದಿರುತ್ತಾರೆ. ಹಾಗೆಂದು ಎಲ್ಲರಿಗೂ ಟೀ ಕುಡಿಸಿ ಕಳಿಸಿದರೆ ಅದು ಕಳ್ಳಾಟ. ಕೊಡಬೇಕಾದ್ದನ್ನು ಕೊಡಲೇಬೇಕು, ಮತ್ತು ಕೇಳಿದ ದಿನವೇ ಕೊಡಬೇಕು. ಯಾವುದು ಯಾವ ಬಗೆಯದು ಎಂದು ತಿಳಿಯಬೇಕಾದರೆ ಬಿಲ್ ಬುಕ್ಕು ತೆಗೆಯುವ ಮೊದಲು ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಬೇಕು. ನಮ್ಮ ಕಸುಬಿನ ಹುಡುಗರಿಗೆ ಲೆನ್ಸು, ಲೈಟಿಂಗು ಎಲ್ಲ ಬರುತ್ತದೆ, ಇದೊಂದು ಬರುವುದಿಲ್ಲ.

ಬಣ್ಣದ ತಕರಾರಿಗೆ ಬರೋಣ. “ಹುಡುಗಿ ಇಷ್ಟು ಕಪ್ಪಿಲ್ಲ ಸಾರ್” ಎಂಬುದು ನಿತ್ಯದ ಮಾತು. ಎದುರಿಗೇ ಹುಡುಗಿ ನಿಂತಿರುತ್ತಾಳೆ, ಚಿತ್ರದಲ್ಲಿ ಹೇಗಿದ್ದಾಳೋ ಹಾಗೆಯೇ, ಲಕ್ಷಣವಾಗಿ. ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿಕೊಟ್ಟರೆ ಹದಿನೈದು ದಿನ ಬಿಟ್ಟು ಇನ್ನೊಬ್ಬರು ಬರುತ್ತಾರೆ: “ಇದ್ಯಾರಣ್ಣಾ, ನಮ್ಮ ಹುಡುಗಿ ಥರಾನೇ ಇಲ್ಲ!” ಇದರಲ್ಲಿ ತಪ್ಪು ಪೂರ್ತಿ ನಮ್ಮ ಜನದ್ದಲ್ಲ. ರೋಲ್ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿ ಬಣ್ಣ ಹೊಂದಿಸಲೆಂದು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಇದ್ದವಳು ಬಿಳಿಯ ಹೆಂಗಸು. ಶೆರ್ಲಿ ಕಾರ್ಡ್ ಎಂದೇ ಅದಕ್ಕೆ ಹೆಸರು. ಅವಳ ಮೈಬಣ್ಣ ಸರಿ ಬಂದರೆ ಎಲ್ಲ ಸರಿ. ಕಪ್ಪು ಬಣ್ಣದವರ ಮುಖ ಮಸಿ ಬಳಿದಂತೆ ಬರುತ್ತದೆಂಬ ದೂರು ಇದ್ದೇ ಇತ್ತು. ಆದರೆ ಕಂದು ಛಾಯೆಗಳು ಫಿಲ್ಮಿನಲ್ಲಿ ಸರಿಯಾಗಿ ಮೂಡಬೇಕೆಂದು ಕಂಪನಿಯವರು ಮನಸ್ಸು ಮಾಡಿದ್ದು, ಅಲ್ಲಿ ಕೆಲಸ ಮಾಡಿದವರೇ ಆಮೇಲೆ ಹೇಳಿಕೊಂಡಂತೆ, ಚಾಕಲೇಟ್ ಮಾಡುವವರೂ ಮರದ ಪೀಠೋಪಕರಣ ಮಾಡುವವರೂ ತಮ್ಮ ಜಾಹೀರಾತಿನ ಚಿತ್ರ ಕೆಟ್ಟು ಬರುತ್ತಿದೆಯೆಂದು ಗಲಾಟೆ ಎಬ್ಬಿಸಿದ ಮೇಲೆ. ಮನುಷ್ಯರ ದೂರಿಗೆ ಕಿವಿಗೊಡದವರು ಕುರ್ಚಿಯ ದೂರಿಗೆ ಎದ್ದು ಕೂತರು. ಇದನ್ನು ತಿಳಿದ ಮೇಲೆ ನಾನು ಬಣ್ಣದ ತಕರಾರು ತಂದವರನ್ನು ಗದರುವುದಿಲ್ಲ. ಆದರೆ ಬೆಳ್ಳಗೂ ಮಾಡಿಕೊಡುವುದಿಲ್ಲ.

ಕಾಯ್ದೆಯ ಮಾತೂ ಬೇಕು. ಸ್ಟುಡಿಯೊಗಳ ಬಿಲ್ಲಿನ ಹಿಂಬದಿಯಲ್ಲಿ “ಅಡ್ವಾನ್ಸ್ ಯಾವ ಕಾರಣಕ್ಕೂ ವಾಪಸ್ ಇಲ್ಲ” ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ, ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಕನ್ನಡದಲ್ಲಿ ಯಾಕಿಲ್ಲ ಅಂದರೆ, 1956ರ ಭಾಷಾವಾರು ವಿಂಗಡಣೆಯಲ್ಲಿ ಹೊಸೂರು ಸೇಲಂ ಜಿಲ್ಲೆಯ ಭಾಗವಾಗಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು; ಆಮೇಲೆ ಧರ್ಮಪುರಿಗೆ ಸೇರಿ 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ತಳಿ, ಕೆಲಮಂಗಲದ ಕಡೆಯ ಮನೆಗಳಲ್ಲಿ ತಾತನಿಗೆ ಕನ್ನಡ ಓದಲು ಬರುತ್ತದೆ. 2006ರಲ್ಲಿ ಶಾಲೆಗಳಲ್ಲಿ ತಮಿಳು ಕಡ್ಡಾಯವಾದ ಮೇಲೆ ಓದಿದ ಮೊಮ್ಮಗನಿಗೆ ತಮಿಳು. ದುಡ್ಡು ಕೊಡುವವರು ತಾತ, ಷರತ್ತು ಓದಬಲ್ಲವನು ಮೊಮ್ಮಗ, ಅವನ ಕಣ್ಣೋ ಮೊಬೈಲಿನಲ್ಲಿ. ಷರತ್ತನ್ನು ಯಾರೂ ಓದಿರುವುದಿಲ್ಲ. ಅದಕ್ಕೇ ನಾನು ಅಡ್ವಾನ್ಸ್ ತೆಗೆದುಕೊಳ್ಳುವಾಗ ಬಾಯಲ್ಲಿ ಹೇಳಿ, ಕನ್ನಡದಲ್ಲೂ ಬರೆದು ಕೊಡುತ್ತೇನೆ: ಮದುವೆ ಮುಂದೆ ಹೋದರೆ ಇಷ್ಟು, ನಿಂತರೆ ಇಷ್ಟು, ನಾವೇ ಬರಲಾಗದಿದ್ದರೆ ಪೂರ್ತಿ.

ಅಷ್ಟಕ್ಕೂ ಆ ಸಣ್ಣಕ್ಷರ ನಮ್ಮನ್ನು ಕಾಯುತ್ತದೆಂದು ನಂಬಿ ಕೂರುವ ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಸೇವೆಯಲ್ಲಿ ಕುಂದಿದ್ದೂ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಣ ಹಿಂದಿರುಗಿಸಲು ಒಪ್ಪದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅಷ್ಟೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಹಳೆಯ 1986ರ ಕಾಯ್ದೆಯಲ್ಲಿ ಅಂಗಡಿಯವನಿರುವ ಕಡೆಗೋ ವ್ಯವಹಾರ ನಡೆದ ಕಡೆಗೋ ಹೋಗಿ ದೂರಬೇಕಿತ್ತು. ಈಗ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರಬಹುದು. ಗಡಿಯ ಊರಿನವನಿಗೆ ಇದರ ಬಿಸಿ ಚೆನ್ನಾಗಿ ತಟ್ಟುತ್ತದೆ. ಒಂದೇ ಮದುವೆಯ ಹೆಣ್ಣಿನ ಕಡೆಯವರು ಆನೇಕಲ್ಲಿನವರಾದರೆ ಬೆಂಗಳೂರಿನಲ್ಲಿ, ಗಂಡಿನ ಕಡೆಯವರು ತಳಿಯವರಾದರೆ ಕೃಷ್ಣಗಿರಿಯಲ್ಲಿ. ನಾವು ಕ್ಯಾಮೆರಾ ಚೀಲ ಹೊತ್ತು ಅತ್ತ ನಲವತ್ತು, ಇತ್ತ ಐವತ್ತು ಕಿಲೋಮೀಟರ್ ಓಡಾಡಬೇಕು. ಕೇರಳದ ಎರ್ನಾಕುಲಂ ಜಿಲ್ಲಾ ಗ್ರಾಹಕ ಆಯೋಗ ಮದುವೆಯ ವಿಡಿಯೊ ಕೊಡದೆ ಸತಾಯಿಸಿದ ಸಂಸ್ಥೆಯೊಂದಕ್ಕೆ, ಪಡೆದ ಹಣ, ಪರಿಹಾರ, ಖರ್ಚು ಎಲ್ಲ ಸೇರಿ 1,18,500 ರೂಪಾಯಿ ಕಟ್ಟಲು ಹೇಳಿದ ಸುದ್ದಿ ಬಂದಾಗ ನಮ್ಮ ಕಸುಬಿನವರ ಗುಂಪಿನಲ್ಲಿ ಎರಡು ದಿನ ಅದೇ ಮಾತು. ಮೂರನೇ ದಿನ ಎಂದಿನಂತೆ ಶುಭೋದಯದ ಹೂವುಗಳು.

ಕೊರೊನಾ ಬಂದಾಗ ಮಾತ್ರ ಯಾವ ಬಿಲ್ಲೂ ಯಾವ ಷರತ್ತೂ ಕೆಲಸಕ್ಕೆ ಬರಲಿಲ್ಲ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಏಪ್ರಿಲ್, ಮೇ ತಿಂಗಳ ಅಡ್ವಾನ್ಸೆಲ್ಲ ಅಂಗಡಿ ಬಾಡಿಗೆ, ಲೆನ್ಸಿನ ಕಂತು ಎಂದು ಖರ್ಚಾಗಿತ್ತು. ಆಮೇಲೆ ಮದುವೆಗೆ ಐವತ್ತೇ ಜನ ಎಂದಾಯಿತು. ಆ ಐವತ್ತರಲ್ಲಿ ಫೋಟೊಗ್ರಾಫರು ಸೇರಿದನೋ ಇಲ್ಲವೋ ಎಂದು ಬೀಗರಿಬ್ಬರೂ ಫೋನಿನಲ್ಲೇ ವಾದಿಸಿದ್ದನ್ನು ಕೇಳಿದ್ದೇನೆ. ಹೆಣ್ಣು ಜೂಜುವಾಡಿಯ ಈಚೆ, ಗಂಡು ಅತ್ತಿಬೆಲೆಯ ಆಚೆ, ನಡುವೆ ಇ-ಪಾಸಿನ ಬ್ಯಾರಿಕೇಡು. ಮಾಡಲಾಗದ ಕೆಲಸಕ್ಕೆ ಪಡೆದದ್ದನ್ನು ಹಿಂದಿರುಗಿಸಬೇಕೆಂದು 1872ರ ಕರಾರು ಕಾಯ್ದೆ ಹೇಳುತ್ತದೆ. ಹೇಳಿದರೇನು, ಕೈಯಲ್ಲಿ ಕಾಸಿಲ್ಲ. ಕಂತಿನಲ್ಲಿ ಕೊಟ್ಟವರುಂಟು. ನಮ್ಮ ಜನವೂ ದೊಡ್ಡವರು: “ಇರ್ಲಿ ಬಿಡಣ್ಣಾ, ಮುಂದೆ ಯಾವುದಕ್ಕಾದ್ರೂ ಹೊಂದಿಸ್ಕೊಳ್ಳಾನ” ಎಂದವರು ಬೇಕಾದಷ್ಟು. ಹಾಗೆ ಒಂದು ಮದುವೆಯ ಅಡ್ವಾನ್ಸು ಮೂರು ವರ್ಷ ಬಿಟ್ಟು ಅದೇ ದಂಪತಿಯ ಮಗುವಿನ ಕಿವಿ ಚುಚ್ಚುವ ಶಾಸ್ತ್ರಕ್ಕೆ ವಜಾ ಆಯಿತು. ಮಗು ಪ್ರತಿ ಚಿತ್ರದಲ್ಲೂ ಅಳುತ್ತಿದೆ. ಅದರ ಬಗ್ಗೆ ಯಾರೂ ತಕರಾರು ಎತ್ತಿಲ್ಲ.

ಪೂರ್ತಿ ಹಣ ಕೊಡಲೇಬೇಕಾದ ಪ್ರಸಂಗವೂ ಇರುತ್ತದೆ. ರಾಯಕೋಟೆ ಕಡೆಯ ಒಬ್ಬ ಫೋಟೊಗ್ರಾಫರ ಮೆಮೊರಿ ಕಾರ್ಡು ಕೆಟ್ಟು ಧಾರೆಯ ಅಷ್ಟೂ ಚಿತ್ರ ಹೋಯಿತು. ಬೆಂಗಳೂರಿಗೆ ಒಯ್ದು ತೆಗೆಸಲು ನೋಡಿದರು, ಸಿಗಲಿಲ್ಲ. ಅವರು ಫೋನು ಮಾಡದೆ ನೇರ ಹುಡುಗಿಯ ಮನೆಗೇ ಹೋಗಿ, ಹಣ ತಟ್ಟೆಯಲ್ಲಿಟ್ಟು ವಿಷಯ ಹೇಳಿದರು. ಹುಡುಗಿಯ ಅಜ್ಜಿ ಹಣದ ಕಡೆ ನೋಡದೆ, “ತಾಳಿ ಇನ್ನೊಂದು ಸಲ ಕಟ್ಟಿಸ್ತೀಯೇನಪ್ಪಾ?” ಎಂದು ಕೇಳಿತಂತೆ. ಅದಕ್ಕೆ ಉತ್ತರವೆಲ್ಲಿದೆ? ಈಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಎರಡು ಕಾರ್ಡಿಗೆ ಒಟ್ಟಿಗೇ ಬರೆಯುವ ಸೌಕರ್ಯವಿದೆ. ಅದಿಲ್ಲದ ಕ್ಯಾಮೆರಾ ಹಿಡಿದು ಮದುವೆ ಒಪ್ಪಿಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ.

ಇನ್ನು ಎಡಿಟ್ ಮಾಡದ ಚಿತ್ರಗಳನ್ನೂ ಕೊಡಿ ಎಂದು ಕೇಳುವವರು. ನನ್ನ ಕಸುಬಿನವರು ಕೋಪಿಸಿಕೊಂಡರೂ ಚಿಂತೆಯಿಲ್ಲ: ಬೇರೆ ಕರಾರಿಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆಸಿಕೊಂಡವರದೇ. ಪೆನ್‌ಡ್ರೈವ್ ತಂದರೆ ಹಾಕಿಕೊಡುವುದು ಮರ್ಯಾದೆ.

ಈಚಿನ ವರ್ಷಗಳಲ್ಲಿ ಎಲ್ಲ ತಕರಾರುಗಳನ್ನೂ ಹಿಂದಿಕ್ಕಿದ್ದು ಒಂದೇ: ತಾಳಿ ಕಟ್ಟುವ ಚಿತ್ರದಲ್ಲಿ ತಾಳಿಯೇ ಇಲ್ಲ. ಇರುವುದು ಮೊಬೈಲು ಹಿಡಿದ ಒಂದು ಕೈ. ಅಕ್ಷತೆ ಬೀಳುವ ಆ ಅರೆಗಳಿಗೆಯಲ್ಲಿ ಮಂಟಪದ ನಾಲ್ಕೂ ಕಡೆಯಿಂದ ಕೈಗಳು ಏಳುತ್ತವೆ. ಒಬ್ಬರು ಹಣ ಕಡಿಮೆ ಮಾಡಿಕೊಳ್ಳಿ ಎಂದು ಪಟ್ಟು ಹಿಡಿದು ಕೂತರು. ಚಿತ್ರ ದೊಡ್ಡದು ಮಾಡಿ ಆ ಕೈಯ ವಾಚು ತೋರಿಸಿದೆ. ಅವರು ತಮ್ಮ ಕೈ ನೋಡಿಕೊಂಡು ಶರಟಿನ ತೋಳು ಕೆಳಗಿಳಿಸಿದರು. ಹೊಸೂರಿನಲ್ಲೇ ತಯಾರಾದ ಟೈಟನ್.

ಓದುಗರಲ್ಲಿ ಮದುವೆ ಮಾಡಿಸುವವರಿದ್ದರೆ ದಯವಿಟ್ಟು ಇಷ್ಟು ಮಾಡಿ. ಅಡ್ವಾನ್ಸು ಕೊಟ್ಟಕೂಡಲೇ ಬಿಲ್ಲು ಕೇಳಿ ತೆಗೆದುಕೊಳ್ಳಿ, ಆಲ್ಬಮ್ಮಿನಲ್ಲಿ ಬರಲೇಬೇಕಾದವರ ಹೆಸರು ಬರೆದು ಕೊಡಿ, ಮುನಿಸಿಕೊಂಡವರ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ತಕರಾರಿದ್ದರೆ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಲು ನಿಮಗೆ ಹಕ್ಕಿದೆ. ಆದರೆ ಗಟ್ಟಿಮೇಳ ಎಂದ ಕೂಡಲೇ ಮೊಬೈಲನ್ನು ಜೇಬಿಗೆ ಹಾಕಿಕೊಳ್ಳಿ.