ಗಲ್ಲಾಪೆಟ್ಟಿಗೆ ರಕ್ಷಣಾ ಮೀಮಾಂಸೆ

ಪೀಠಿಕೆ

ಮಹಾನವಮಿಯಿಂದ ಬಲಿಪಾಡ್ಯಮಿವರೆಗಿನ ಕಾಲಘಟ್ಟದಲ್ಲಿ ಜವಳಿ ಅಂಗಡಿಯೆಂಬ ಸಂರಚನೆಯು ಡಿಜಿಟಲ್ ಆತಂಕಗಳೊಡನೆ ನಡೆಸುವ ಮುಖಾಮುಖಿಯನ್ನು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಗೊಳಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ. ಅರ್ಥವಾಗಲಿಲ್ಲವೆ? ಒಳ್ಳೆಯದು, ಶಾಸ್ತ್ರ ಸರಿದಾರಿಯಲ್ಲಿದೆ. ಹಬ್ಬಕ್ಕೆ ಮೊದಲು ವರ್ತಕರ ಸಂಘದವರು ಏರ್ಪಡಿಸಿದ್ದ ಸೈಬರ್ ಸುರಕ್ಷತಾ ಕಾರ್ಯಾಗಾರದಲ್ಲಿ ಬ್ಲೇಜರ್ ತೊಟ್ಟ ತಜ್ಞರೊಬ್ಬರು ನಮಗೂ ಹೀಗೇ ಬೋಧಿಸಿದರು. ‘ಥ್ರೆಟ್ ಲ್ಯಾಂಡ್‌ಸ್ಕೇಪ್’ ಅಂದರು. ‘ಅಟ್ಯಾಕ್ ಸರ್ಫೇಸ್’ ಅಂದರು. ಕಾಫಿ ಬಂತು, ಹೋಯಿತು. ‘ಜೀರೋ ಟ್ರಸ್ಟ್ ಆರ್ಕಿಟೆಕ್ಚರ್’ ಅನ್ನುವಷ್ಟರಲ್ಲಿ ನನ್ನ ಪಕ್ಕದ ಬಳೆ ಅಂಗಡಿಯವರು ಗೊರಕೆ ಹೊಡೆಯುತ್ತಿದ್ದರು. ಅವರ ಪಾಲಿಗೆ ತಪ್ಪಿಹೋದ ಜ್ಞಾನವನ್ನು ಶಾಸ್ತ್ರೀಯ ಚೌಕಟ್ಟಿಗೆ ತಂದು ಲೋಕಾರ್ಪಣೆ ಮಾಡುವ ಭಾರ ನನ್ನ ತಲೆಗೆ ಬಿದ್ದಿದೆ.

ಅಧ್ಯಾಯ 1: ಕಾಲನಿರ್ಣಯ

ಕಳ್ಳರು ಪಂಚಾಂಗ ನೋಡುತ್ತಾರೆಂಬುದು ಪ್ರಥಮ ಸಿದ್ಧಾಂತ. ಪ್ರಮಾಣ: 2016ರ ಫೆಬ್ರವರಿ 4, ಗುರುವಾರ ರಾತ್ರಿ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಬಾಂಗ್ಲಾದೇಶ ಬ್ಯಾಂಕಿನ ಖಾತೆಗೆ ಆ ರಾತ್ರಿ ಕೈ ಹಾಕಿದರು. ಶುಕ್ರವಾರ, ಶನಿವಾರ ಢಾಕಾದಲ್ಲಿ ವಾರದ ರಜೆ. ಢಾಕಾದವರು ಎದ್ದು ಕೂರುವ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಭಾನುವಾರ. ದುಡ್ಡು ಹೋಗಿ ಸೇರಿದ ಮನಿಲಾದಲ್ಲಿ ಸೋಮವಾರ ಚೀನೀ ಹೊಸ ವರ್ಷ. ಮೂರು ದೇಶಗಳ ರಜೆ ಪಟ್ಟಿಯನ್ನು ಹೀಗೆ ಕೂಡಿಸಿ ಮುಹೂರ್ತವಿಟ್ಟ ಜೋಯಿಸರು ನಮ್ಮ ಕಡೆಯಂತೂ ಇಲ್ಲ. 8.1 ಕೋಟಿ ಡಾಲರ್ ಹೋಯಿತು. ಇನ್ನೂ 2 ಕೋಟಿ ಹೋಗುವುದರಲ್ಲಿತ್ತು, ಕಳ್ಳರು ‘ಫೌಂಡೇಶನ್’ ಎಂಬುದರ ಸ್ಪೆಲಿಂಗ್ ತಪ್ಪು ಬರೆದದ್ದರಿಂದ ಉಳಿಯಿತು. ಕನ್ನಡ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಧಾರಾಳವಾಗಿ ಉದಾಹರಿಸಬಹುದು.

ದ್ವಿತೀಯ ಪ್ರಮಾಣ ಅಮೆರಿಕದ್ದು. 2013ರಲ್ಲಿ ಟಾರ್ಗೆಟ್ ಎಂಬ ಅಂಗಡಿ ಸರಪಳಿಯಲ್ಲಿ, ಕ್ರಿಸ್‌ಮಸ್ ಖರೀದಿಯ ನೂಕುನುಗ್ಗಲಿನಲ್ಲೇ, ನವೆಂಬರ್ 27ರಿಂದ ಡಿಸೆಂಬರ್ 15ರವರೆಗೆ ಸುಮಾರು 4 ಕೋಟಿ ಕಾರ್ಡುಗಳ ವಿವರ ಸೋರಿತು. ಕಳ್ಳರು ಒಳಗೆ ಬಂದದ್ದು ಎಸಿ, ಫ್ರಿಜ್ ನೋಡಿಕೊಳ್ಳುವ ಗುತ್ತಿಗೆದಾರನ ಪಾಸ್‌ವರ್ಡ್ ಹಿಡಿದು. ಈ ಪ್ರಮಾಣ ನಮ್ಮ ಬೀದಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿರುವುದು ಫ್ಯಾನು.

ಅಧ್ಯಾಯ 2: ಭೀತಿ ವರ್ಗೀಕರಣ

ಭೀತಿಗಳು ಮೂಲತಃ ಮೂರು. ಸರ್ವರ್ ಡೌನ್ ಆಗುವುದು ಆಧಿದೈವಿಕ. ಕಳ್ಳ ಬರುವುದು ಆಧಿಭೌತಿಕ. ನಮ್ಮ ಪಾಸ್‌ವರ್ಡ್ ನಮಗೇ ಮರೆಯುವುದು ಆಧ್ಯಾತ್ಮಿಕ. ಇವು ಪ್ರತಿಯೊಂದೂ ಚರ, ಸ್ಥಿರ, ದ್ವಿಸ್ವಭಾವವೆಂದು ಮೂರಾಗಿ ಒಂಬತ್ತು. ಉತ್ತಮ, ಮಧ್ಯಮ, ಅಧಮವೆಂದು ಮತ್ತೆ ಮೂರಾಗಿ ಇಪ್ಪತ್ತೇಳು. ನಕ್ಷತ್ರಗಳೂ ಇಪ್ಪತ್ತೇಳೇ ಇರುವುದು ಆಕಸ್ಮಿಕವಲ್ಲ.

ಅಶ್ವಿನಿ: ಪ್ರತಿಲೇಪ ಭೀತಿ. ಅಂಗಡಿಯ ಕ್ಯೂಆರ್ ಕೋಡಿನ ಮೇಲೆ ರಾತ್ರೋರಾತ್ರಿ ಇನ್ನೊಬ್ಬರ ಕ್ಯೂಆರ್ ಕೋಡ್ ಅಂಟುವುದು. 2025ರ ಜನವರಿಯಲ್ಲಿ ಖಜುರಾಹೊದ ಹಲವು ಅಂಗಡಿಗಳಲ್ಲಿ ಹೀಗಾಯಿತು. ‘ಹೆಸರು ಬೇರೆ ಬರ್ತಿದೆಯಲ್ಲ’ ಎಂದು ಗಿರಾಕಿ ಹೇಳುವವರೆಗೆ ದುಡ್ಡು ಸರಾಗವಾಗಿ ಪರರ ಪಾಲಾಗುತ್ತಿರುತ್ತದೆ. ಪರಿಹಾರ: ಬೆಳಿಗ್ಗೆ ಬಾಗಿಲು ತೆರೆದು ಹೊಸ್ತಿಲಿಗೆ ನೀರು ಹಾಕಿದ ಮೇಲೆ ಸ್ಟಿಕ್ಕರನ್ನು ಉಗುರಿನಿಂದ ಕೆರೆದು ನೋಡುವುದು, ಒಂದು ರೂಪಾಯಿ ಹಾಕಿ ಪರೀಕ್ಷಿಸುವುದು. ಇದಕ್ಕೆ ಪಿಪಿಟಿ ಬೇಕಿಲ್ಲ.

ಭರಣಿ: ಸೇನಾಧಿಕಾರಿ ಭೀತಿ. ಹಿಂದಿಯಲ್ಲಿ ಫೋನು. ಕ್ಯಾಂಪಿಗೆ ನೂರು ಬೆಡ್‌ಶೀಟ್ ಬೇಕು, ಚೌಕಾಸಿ ಇಲ್ಲ (ಚೌಕಾಸಿ ಮಾಡದ ಗಿರಾಕಿ ಅಂದಾಗಲೇ ಅನುಮಾನ ಬರಬೇಕಿತ್ತು). ಯೂನಿಫಾರ್ಮಿನ ಫೋಟೊ, ಐಡಿ ಕಾರ್ಡು ವಾಟ್ಸಾಪಿನಲ್ಲಿ ಬರುತ್ತವೆ. ಆಮೇಲೆ, ‘ಮಿಲಿಟರಿ ಪೇಮೆಂಟ್ ಸಿಸ್ಟಮ್ ಬೇರೆ ಜೀ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮಗೆ ಬರ್ತದೆ.’ ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಇಷ್ಟನ್ನು ಕನ್ನಡದಲ್ಲಿ ಬರೆದು ಗಲ್ಲಾದ ಮೇಲೆ ಅಂಟಿಸಿದ್ದರೆ ಇಡೀ ಕಾರ್ಯಾಗಾರದ ಅರ್ಧ ಮುಗಿಯುತ್ತಿತ್ತು.

ಕೃತ್ತಿಕಾ: ಲಗ್ನಪತ್ರಿಕಾ ಭೀತಿ. ವಾಟ್ಸಾಪಿಗೆ ಮದುವೆ ಕರೆಯೋಲೆ ಬರುತ್ತದೆ, ಬಾಲದಲ್ಲಿ ಎಪಿಕೆ ಎಂದಿರುತ್ತದೆ. ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗಿ ನಮ್ಮ ಮೆಸೇಜು, ಓಟಿಪಿ ಎಲ್ಲ ಬೀಗರ ಮನೆ ಸೇರುತ್ತವೆ. ಯಾರ ಮದುವೆ ಎಂದು ಕೊನೆಗೂ ತಿಳಿಯುವುದಿಲ್ಲ.

ರೋಹಿಣಿ: ಹರಿತ ಚಿಹ್ನಾ ಭೀತಿ. ಫೋನ್‌ಪೇಯದೇ ಬಣ್ಣ, ಅದೇ ಹಸಿರು ಟಿಕ್ಕು, ಅದೇ ‘ಟಿಂಗ್’ ತೋರಿಸುವ ನಕಲಿ ಆ್ಯಪು. ಮೊತ್ತ, ಅಂಗಡಿ ಹೆಸರು ಟೈಪ್ ಮಾಡಿದರೆ ಮುಗಿಯಿತು, ಪಾವತಿಯ ಪರದೆ ಸಿದ್ಧ. ಸೌಂಡ್‌ಬಾಕ್ಸ್ ಕೂಗಲಿಲ್ಲವೆ ಎಂದು ತಜ್ಞರು ಕೇಳಿದರು. ಕೂಗುತ್ತದೆ ಸ್ವಾಮಿ. ಧನತ್ರಯೋದಶಿ ಸಂಜೆ ಏಳಕ್ಕೆ ಚಿಕ್ಕಪೇಟೆಯ ಯಾವುದೇ ಸೀರೆ ಅಂಗಡಿಗೆ ಬನ್ನಿ. ಕೌಂಟರಿನ ಆಚೆ ನಾಲ್ಕು ಸಾಲು ಜನ, ನಾಲ್ಕೂ ಸಾಲಿನ ಕೈಗಳಲ್ಲಿ ಫೋನು. ಬಿಚ್ಚಿ ಹಾಕಿದ ಮೈಸೂರು ಸಿಲ್ಕಿನ ರಾಶಿಯಡಿ ಸೌಂಡ್‌ಬಾಕ್ಸ್ ಹೂತುಹೋಗಿದೆ. ಹೊರಗೆ ಪಟಾಕಿ. ಒಳಗೆ ಯಾರದೋ ಮಗು. ‘ಸ್ವೀಕರಿಸಲಾಗಿದೆ’ ಅನ್ನುವುದು ಕೇಳಿಸಿತು, ಸ್ವೀಕರಿಸಿದ್ದು ಯಾರದೋ? ಹಿಂದಿನವರದೋ, ಮುಂದಿನವರದೋ? ‘ಆಯ್ತಮ್ಮ, ಕೊಡಿ ಬೇಗ, ಆಟೋ ಕಾಯ್ತಿದೆ’ ಅನ್ನುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ನಿಂತೇ ಇರುವ ಹುಡುಗಿ ಹಸಿರು ಟಿಕ್ಕು ನೋಡುತ್ತಾಳೆ, ಕವರು ಕೊಡುತ್ತಾಳೆ.

ಮೃಗಶಿರೆಯಿಂದ ರೇವತಿವರೆಗಿನ ಇಪ್ಪತ್ಮೂರು ಭೀತಿಗಳನ್ನು ವಿದ್ವಾಂಸರು ತಾವೇ ಭರ್ತಿ ಮಾಡಿಕೊಳ್ಳತಕ್ಕದ್ದು. ನನಗೆ ಸಾಕಾಯಿತು.

ಅಧ್ಯಾಯ 3: ಶಾಂತಿ ವಿಧಾನ

ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಸೈಬರ್ ಅವಘಡವಾದರೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಕಂಪ್ಯೂಟರುಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು. ನಮ್ಮ ಅಂಗಡಿ ಗಡಿಯಾರ ಹತ್ತು ನಿಮಿಷ ಮುಂದಿದೆ, ಬಾಗಿಲು ಹಾಕುವ ಹೊತ್ತು ಬೇಗ ಬರಲೆಂದು ಹುಡುಗರು ಮಾಡಿರುವ ಏರ್ಪಾಡು. ಪ್ರಯೋಗಾಲಯದವರು ಬಂದು ನೋಡಿದರೆ ಬೇಸರ ಪಟ್ಟುಕೊಳ್ಳಬಾರದು.

ಕಂಪ್ಯೂಟರಿಗೆ ನಮ್ಮಲ್ಲಿ ವಾರ್ಷಿಕ ನಿರ್ವಹಣೆ ಇದೆ, ಆಯುಧಪೂಜೆ ದಿನ. ಸಿಪಿಯುಗೆ ಕುಂಕುಮ, ಮಾನಿಟರಿಗೆ ವಿಭೂತಿ, ರೂಟರಿಗೆ ಚೆಂಡುಹೂ, ಮುಂದೆ ಬೂದುಗುಂಬಳ. ಅಪ್‌ಡೇಟ್ ಮಾತ್ರ ಇಲ್ಲ. ‘ಅದನ್ನ ಒತ್ತಬೇಡಿ ಸಾರ್, ಬಿಲ್ ಪ್ರಿಂಟರ್ ನಿಂತೋಗುತ್ತೆ’ ಎಂದು ಸಾಫ್ಟ್‌ವೇರ್ ಹಾಕಿಕೊಟ್ಟವರೇ ಹೇಳಿಹೋಗಿದ್ದಾರೆ. 2017ರ ಮೇ ತಿಂಗಳಲ್ಲಿ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿದ ವನ್ನಾಕ್ರೈಗೆ ಮದ್ದು ಮಾರ್ಚಿನಲ್ಲೇ ಬಂದಿತ್ತು, ಒತ್ತದವರು ಅತ್ತರು. ಇದೊಂದರಲ್ಲಿ ತಜ್ಞರು ಹೇಳಿದ್ದು ಸರಿ: ಲೆಕ್ಕದ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ವೈರು ಕಿತ್ತು, ಬೀರುವಿನಲ್ಲಿಡಿ. ಅದನ್ನೇ ಅವರು ‘ಏರ್ ಗ್ಯಾಪ್ಡ್ ರೆಸಿಲಿಯನ್ಸ್’ ಅಂದಾಗ ನಾವು ಎಸಿ ಕೆಟ್ಟಿದೆ ಅಂದುಕೊಂಡೆವು.

ಅಧ್ಯಾಯ 4: ದುರ್ಬಲ ಕೊಂಡಿ ಸಿದ್ಧಾಂತ

ಕಾರ್ಯಾಗಾರದ ಕೊನೆಯ ಸ್ಲೈಡಿನಲ್ಲಿ ಒಂದು ಸರಪಳಿಯ ಚಿತ್ರವಿತ್ತು, ಒಂದು ಕೊಂಡಿಗೆ ಕೆಂಪು ಬಣ್ಣ. ‘ಮನುಷ್ಯನೇ ಅತ್ಯಂತ ದುರ್ಬಲ ಕೊಂಡಿ’ ಎಂದರು ತಜ್ಞರು. ಹಾಗೆನ್ನುತ್ತ ನೋಡಿದ್ದು ನಮ್ಮನ್ನು. ನಾವು ಅಂಗಡಿಗೆ ಬಂದು ನೋಡಿದ್ದು ಕೌಂಟರಿನ ಹುಡುಗಿಯನ್ನು. ಅವಳು ಯಾರನ್ನು ನೋಡಬೇಕು?

ಇಲ್ಲಿಗೆ ಶಾಸ್ತ್ರದ ಭಾಷೆ ಬಿಡುತ್ತೇನೆ. ನಮ್ಮ ಸಾಲಿನ ಒಂದು ಅಂಗಡಿಯಲ್ಲಿ ಹಸಿರು ಟಿಕ್ಕಿಗೆ ಹೋದ ಎರಡು ಸೀರೆಯ ದುಡ್ಡನ್ನು ಹುಡುಗಿಯ ಸಂಬಳದಲ್ಲಿ ಕಂತಿನ ಮೇಲೆ ಹಿಡಿದರು. ಹಬ್ಬದ ಬೋನಸ್ಸು ಮೊದಲ ಕಂತು. ಸೀರೆ ಒಯ್ದ ಹೆಂಗಸು ಕ್ಯಾಮೆರಾದಲ್ಲಿ ನಗುತ್ತಿದ್ದಾಳೆ, ಅದನ್ನು ಎಲ್ಲರೂ ನೋಡಿ ಆಯಿತು. ಐಟಿ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, 78ನೇ ಸೆಕ್ಷನ್. ಇನ್‌ಸ್ಪೆಕ್ಟರು ಹಬ್ಬದ ಬಂದೋಬಸ್ತಿನಲ್ಲಿದ್ದರು.

ಕದ್ದ ದುಡ್ಡು ಗಾಳಿಯಲ್ಲಿ ಇರುವುದಿಲ್ಲ, ಯಾವುದೋ ಬ್ಯಾಂಕಿನ ಯಾವುದೋ ಖಾತೆಯಲ್ಲಿ ಬಂದು ಇಳಿಯುತ್ತದೆ. ಆ ಖಾತೆಗೆ ಹೆಸರಿದೆ, ಕೆವೈಸಿ ಇದೆ, ಹೆಬ್ಬೆಟ್ಟು ಒತ್ತಿ ಪಡೆದ ಸಿಮ್ಮಿದೆ. ನಮಗೊಂದು ಕರೆಂಟ್ ಅಕೌಂಟ್ ತೆರೆಯಲು ಟ್ರೇಡ್ ಲೈಸೆನ್ಸು, ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಅಂಗಡಿ ಮುಂದೆ ನಿಂತ ಫೋಟೊ ಎಲ್ಲ ಕೇಳಿದರು. ಬಾಡಿಗೆಗೆ ಬಿಟ್ಟ ಖಾತೆಗಳಲ್ಲಿ ಲಕ್ಷಗಟ್ಟಲೆ ಬಂದು ನಿಮಿಷದಲ್ಲಿ ಖಾಲಿಯಾದಾಗ ಯಾವ ಕೊಂಡಿಗೆ ಕೆಂಪು ಬಣ್ಣ ಹಚ್ಚಿದಿರಿ?

ಹಚ್ಚುತ್ತಾರೆ, ನಮಗೇ. ಗುರುತಿಲ್ಲದ ಗಿರಾಕಿ ಒಂದು ಪಂಚೆ ಕೊಂಡು ಹೋಗಿರುತ್ತಾರೆ, ಅವರ ಖಾತೆಗೆ ಎಲ್ಲಿಂದಲೋ ವಂಚನೆಯ ದುಡ್ಡು ಬಂದಿರುತ್ತದೆ. ದೂರದ ರಾಜ್ಯದ ಠಾಣೆಯಿಂದ ಬ್ಯಾಂಕಿಗೆ ಮೇಲ್ ಬರುತ್ತದೆ, ನಮ್ಮ ಖಾತೆ ಪೂರ್ತಿ ಫ್ರೀಜ್. ಪಂಚೆಯ ಕೆಲವು ನೂರಕ್ಕೆ ಸೀಸನ್ನಿನ ಅಷ್ಟೂ ಕಲೆಕ್ಷನ್ ಒಳಗೆ. ನೇಕಾರರಿಗೆ ಕೊಡಬೇಕಾದ್ದು ನಿಲ್ಲುತ್ತದೆ, ಹುಡುಗರ ಬೋನಸ್ಸು ನಿಲ್ಲುತ್ತದೆ. ಮ್ಯಾನೇಜರು ‘ನಮ್ಮ ಕೈಲೇನೂ ಇಲ್ಲ’ ಅನ್ನುತ್ತಾರೆ. ಠಾಣೆಯ ಫೋನು ಎತ್ತುವುದಿಲ್ಲ, ಎತ್ತಿದರೆ ಭಾಷೆ ಬರುವುದಿಲ್ಲ. ಕ್ಯೂಆರ್ ದುಡ್ಡಿಗೊಂದು ಖಾತೆ, ಬಂಡವಾಳಕ್ಕೊಂದು ಖಾತೆ ಇಟ್ಟುಕೊಳ್ಳಿ ಎಂಬ ಬುದ್ಧಿಮಾತು ನಮಗೆ ಸಿಕ್ಕಿದ್ದು ಕಾರ್ಯಾಗಾರದಲ್ಲಲ್ಲ, ಹಾಗೆ ಸಿಕ್ಕಿಬಿದ್ದಿದ್ದ ಪಾತ್ರೆ ಅಂಗಡಿಯವರಿಂದ.

ಜೀರೋ ಟ್ರಸ್ಟ್ ಎಂದರೇನೆಂದು 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸಿನವರು ತೋರಿಸಿಕೊಟ್ಟರು. ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂದಾಗ ಕ್ಯೂಆರ್ ಕೋಡ್ ಕಿತ್ತು ‘ಓನ್ಲಿ ಕ್ಯಾಶ್’ ಎಂದು ಬರೆದು ಹಾಕಿದರು. ಆರ್ಕಿಟೆಕ್ಚರಿಗೆ ಖರ್ಚಾದದ್ದು ಒಂದು ರಟ್ಟು, ಒಂದು ಸ್ಕೆಚ್ ಪೆನ್ನು.

ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಜಾರುತ್ತಿರುವಾಗಲೇ ತಡೆಯಲು ಸಾಧ್ಯ, ಎಟಿಎಮ್ಮಿನಿಂದ ಹೊರಬಿದ್ದ ಮೇಲೆ ಕಷ್ಟ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ತಪ್ಪು ಬ್ಯಾಂಕಿನದೂ ಅಲ್ಲ ನಮ್ಮದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿರಲಿಲ್ಲ. ಪಿನ್ ತಾವೇ ಒತ್ತಿದವರಿಗೆ ಆ ಕೃಪೆ ಇರಲಿಲ್ಲ. ಮೈಮೇಲೆ ಬಿದ್ದ ಗಿರಾಕಿಗಳ ನಡುವೆ, ಊಟವಿಲ್ಲದೆ, ರಾತ್ರಿ ಒಂಬತ್ತಕ್ಕೆ ಒತ್ತಿದ್ದರೂ ಅದು ನಿಮ್ಮ ನಿರ್ಲಕ್ಷ್ಯವೇ ಆಗಿತ್ತು.

ಮುಂದಿನ ವರ್ಷದ ಕಾರ್ಯಾಗಾರಕ್ಕೆ ಸಂಘದವರು ಈಗಲೇ ಸಲಹೆ ಕೇಳುತ್ತಿದ್ದಾರೆ. ನನ್ನದೊಂದಿದೆ. ಆ ಸಲ ಕುರ್ಚಿಯಲ್ಲಿ ಬ್ಯಾಂಕಿನವರನ್ನು, ಸಿಮ್ ಮಾರುವ ಕಂಪನಿಯವರನ್ನು ಕೂರಿಸಿ. ಧನತ್ರಯೋದಶಿ ಸಂಜೆ ಏಳಕ್ಕೇ ಇಟ್ಟುಕೊಳ್ಳಿ, ಸಭಾಭವನ ಬೇಡ, ನಮ್ಮ ಕೌಂಟರಿನ ಹಿಂದೆ ಜಾಗ ಮಾಡಿಕೊಡುತ್ತೇವೆ. ಕಾಫಿ ನಮ್ಮದು. ಪಾಠ ಆ ಹುಡುಗಿ ಮಾಡುತ್ತಾಳೆ, ಬಿಡುವು ಸಿಕ್ಕರೆ.