ಕುದುರೆ ಕಂಡರೆ ಕಿಸೆ ನೋವು

ನಮ್ಮವರು ಚೌಕಾಸಿಯಲ್ಲಿ ಯಾರಿಗೂ ಸೋತವರಲ್ಲ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ, ಮುಕ್ಕಾಲು ಗಂಟೆ ಅವರ ಸಂಗೀತ ಕೇಳಿ, ತಿಂಗಳಿಗೆ ಹತ್ತು ಡಾಲರ್ ಇಳಿಸಿಕೊಂಡೇ ಊಟಕ್ಕೆ ಏಳುವವರು. ಕಾರು ಮಾರುವವನ ಎದುರು ಎದ್ದೆದ್ದು ಬಾಗಿಲ ತನಕ ಹೋಗಿ, ಅವನು ಕರೆದ ಮೇಲೆ ದೊಡ್ಡ ಮನಸ್ಸು ಮಾಡಿ ವಾಪಸು ಬಂದು ಕೂರುವವರು. ಅಂಥವರು ಹೇಳಿದಷ್ಟು ದುಡ್ಡನ್ನು ಬಾಯಿ ಮುಚ್ಚಿಕೊಂಡು ಕೊಟ್ಟು, ಥ್ಯಾಂಕ್ಯೂ ಹೇಳಿ, ಮೇಲೊಂದು ಡಬ್ಬಿ ಚಕ್ಕುಲಿಯನ್ನೂ ಕೈಗಿಡುವುದು ಈ ದೇಶದಲ್ಲಿ ಒಬ್ಬರಿಗೇ. ಅವಳು ನಮ್ಮ ಕುದುರೆಗೆ ಲಾಳ ಕಟ್ಟುವವಳು.

ನಮ್ಮ ಕುದುರೆ ಅಂದುಬಿಟ್ಟೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವಿರುವುದು ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ. ಇದರ ಪೂರ್ವಕ್ಕೆ ಆಶ್‌ಬರ್ನ್. ಅಲ್ಲಿ ಡೇಟಾ ಸೆಂಟರುಗಳು, ಅವುಗಳ ಸುತ್ತ ಟೌನ್‌ಹೌಸುಗಳು, ಟೌನ್‌ಹೌಸುಗಳ ತುಂಬ ನಾವು. ಪಶ್ಚಿಮಕ್ಕೆ ಮಿಡಲ್‌ಬರ್ಗ್. ಅಲ್ಲಿ ಕಲ್ಲಿನ ಬೇಲಿ, ಹುಲ್ಲುಗಾವಲು, ಕುದುರೆ, ಕುದುರೆಗಳಿಗಾಗಿಯೇ ಹುಟ್ಟಿದಂತಿರುವ ಜನ. ಪೂರ್ವದವರು ಪೂರ್ವದಲ್ಲೇ ಇದ್ದಿದ್ದರೆ ಈ ಲೇಖನದ ಅಗತ್ಯ ಬೀಳುತ್ತಿರಲಿಲ್ಲ. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಪಶ್ಚಿಮದ ಒಂದು ಫಾರ್ಮಿಗೆ ಹೋದ ನಮ್ಮ ಮಗಳು ಕುದುರೆಮರಿ ಗಾತ್ರದ ಒಂದು ಪೋನಿಯ ಮೇಲೆ ಕೂತು ಇಳಿದಳು. ಇಳಿದದ್ದು ಮೈಯಷ್ಟೇ, ಮನಸ್ಸು ಅಲ್ಲೇ ಉಳಿಯಿತು. ಭರತನಾಟ್ಯ ಹೋಯಿತು, ರೈಡಿಂಗ್ ಕ್ಲಾಸು ಬಂತು. ಕ್ಲಾಸಿನ ಹಿಂದೆ ಹೆಲ್ಮೆಟ್ಟು, ಹೆಲ್ಮೆಟ್ಟಿನ ಹಿಂದೆ ಬೂಟು, ಬೂಟಿನ ಹಿಂದೆ ಕುದುರೆ. ಕುದುರೆ ಕಂಡರೆ ಕಾಲು ನೋವು ಅನ್ನುತ್ತದಲ್ಲ ಗಾದೆ, ಆ ನೋವು ಅವಳದು. ಔಷಧದ ಬಿಲ್ಲು ನಮ್ಮದು.

ಕುದುರೆ ಹೆಚ್ಚುಕಡಿಮೆ ಪುಕ್ಕಟೆಗೇ ಸಿಕ್ಕಿತು. ಪಕ್ಕದ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್ ಟೌನಿನಲ್ಲಿ ರೇಸ್ ಓಡಿ, ಗೆಲ್ಲದೆ, ನಿವೃತ್ತಿಯಾಗಿದ್ದ ಥರೋಬ್ರೆಡ್ ಅದು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ವಂಶ ನಮ್ಮವರದು, ಕೂಡಲೇ ಒಪ್ಪಿಕೊಂಡರು. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ. ಹಲ್ಲು ಬಿಡಿ, ಕುದುರೆಯಲ್ಲಿ ನೋಡಬೇಕಾದದ್ದು ಕಾಲು. ಥರೋಬ್ರೆಡ್ ತಳಿಯನ್ನು ಮುನ್ನೂರು ವರ್ಷಗಳಿಂದ ಓಟಕ್ಕೆಂದೇ ಬೆಳೆಸಿದ್ದಾರೆ. ಅವುಗಳಲ್ಲಿ ಬಹಳಷ್ಟಕ್ಕೆ ಗೊರಸಿನ ಗೋಡೆ ತೆಳು, ಅಂಗಾಲು ಚಪ್ಪಟೆ. ಲಾಳ ಇಲ್ಲದಿದ್ದರೆ ಕಲ್ಲಿನ ಮೇಲೆ ಕಾಲಿಡಲು ಹಿಂದೆ ಮುಂದೆ ನೋಡುತ್ತವೆ, ಲಾಳ ಹೊಡೆದರೆ ಮೊಳೆ ಹಿಡಿಯುವಷ್ಟು ಗೋಡೆ ಇರುವುದಿಲ್ಲ.

ಮೊದಲ ಬಿಲ್ಲು 220 ಡಾಲರ್. ನಾಲ್ಕೂ ಕಾಲಿನದು. ಮುಂದಿನ ಎರಡಕ್ಕೆ ಮಾತ್ರವಾದರೆ 150, ಲಾಳವೇ ಬೇಡ, ಬರೀ ಗೊರಸು ಕತ್ತರಿಸಿ ಅರ ಹಾಕಿದರೆ ಸಾಕು ಅಂದರೆ 60. ನಮ್ಮವರು ಮನಸ್ಸಿನಲ್ಲೇ 85ರಿಂದ ಗುಣಿಸಿದರು. ಈ ದೇಶಕ್ಕೆ ಬಂದು ಎಷ್ಟು ಕಾಲವಾದರೂ ಆ ಗುಣಾಕಾರ ನಿಂತಿಲ್ಲ. ‘ಹದಿನೆಂಟು ಸಾವಿರದ ಏಳ್ನೂರು ರೂಪಾಯಿ! ನನ್ನ ಕಾಲಿಗೇ ಅಷ್ಟು ದುಡ್ಡಿನ ಬೂಟು ಹಾಕಿಲ್ಲ’ ಅಂದರು. ಹೋಗಲಿ, ಒಂದು ಸಲ ತಾನೇ ಅಂತ ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವಳು ಫೋನ್ ತೆಗೆದು, ಮುಂದಿನ ತಾರೀಕು ಯಾವಾಗ ಬರೆದುಕೊಳ್ಳಲಿ, ಆರು ವಾರಕ್ಕಾ ಅಂತ ಕೇಳಿದಳು.

ಆರು ವಾರದ ಲೆಕ್ಕವನ್ನು ನಮ್ಮವರು ಬಹಳ ದಿನ ನಂಬಲಿಲ್ಲ. ಲಾಳ ಸವೆದಿಲ್ಲವಲ್ಲ, ಇನ್ನೂ ಹೊಳೆಯುತ್ತಿದೆಯಲ್ಲ, ಯಾಕೆ ತೆಗೆಯಬೇಕು ಅನ್ನುವುದು ಅವರ ವಾದ. ಲಾಳ ಸವೆಯುವುದಕ್ಕಲ್ಲ, ಗೊರಸು ಬೆಳೆಯುವುದಕ್ಕೆ ತೆಗೆಯುವುದು. ಗೊರಸು ನಮ್ಮ ಉಗುರಿನ ಹಾಗೆ, ತಿಂಗಳಿಗೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಬೆಳೆಯುತ್ತದೆ. ಲಾಳ ಮಾತ್ರ ಹೊಡೆದಷ್ಟೇ ಅಳತೆಯಲ್ಲಿ ಉಳಿಯುತ್ತದೆ. ಆರರಿಂದ ಎಂಟು ವಾರದೊಳಗೆ ತೆಗೆದು, ಬೆಳೆದದ್ದನ್ನು ಕತ್ತರಿಸಿ, ಸಮ ಮಾಡಿ ಮತ್ತೆ ಹೊಡೆಯದಿದ್ದರೆ ಮುಂಭಾಗ ಉದ್ದವಾಗಿ ಕಾಲಿನ ಕೋನವೇ ಕೆಡುತ್ತದೆ, ಆ ಎಳೆತವೆಲ್ಲ ಹಿಂದಿನ ಸ್ನಾಯುರಜ್ಜುಗಳ ಮೇಲೆ ಬೀಳುತ್ತದೆ. ಆಗ ಬರುವುದು ಲಾಳದವಳಲ್ಲ, ಪಶುವೈದ್ಯರು. ಅವರ ಬಿಲ್ಲನ್ನು 85ರಿಂದ ಗುಣಿಸುವ ಧೈರ್ಯ ನಮ್ಮವರಿಗೂ ಇಲ್ಲ. ಅಂತೂ ವರ್ಷಕ್ಕೆ ಎಂಟೊಂಬತ್ತು ಸಲ, ಹತ್ತಿರ ಹತ್ತಿರ ಎರಡು ಸಾವಿರ ಡಾಲರ್ ಎಕ್ಸೆಲ್ಲಿನಲ್ಲಿ ಕೆಂಪು ಬಣ್ಣದಲ್ಲಿ ಕೂತಿತು.

ಆಮೇಲೆ ಅವರ ಸಂಶೋಧನೆ ಶುರುವಾಯಿತು. ಉಕ್ಕಿನ ಸಾದಾ ಲಾಳ ಅಂಗಡಿಯಲ್ಲಿ ಹತ್ತು ಡಾಲರಿನ ಆಸುಪಾಸಿಗೇ ಸಿಗುತ್ತದೆ ಅನ್ನುವುದು ತಿಳಿದ ದಿನ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲ. ನ್ಯೂಯಾರ್ಕ್ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಹೆನ್ರಿ ಬರ್ಡನ್ ಎನ್ನುವವರು 1857ರಲ್ಲೇ ನಿಮಿಷಕ್ಕೆ 60 ಲಾಳ ಮಾಡುವ ಯಂತ್ರ ತಯಾರಿಸಿದ್ದರಂತೆ. ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನ್ಯದ ಕುದುರೆಗಳಿಗೆ ಅಲ್ಲಿಂದಲೇ ಲಾಳ ಹೋಗುತ್ತಿತ್ತಂತೆ. ‘ಸೆಕೆಂಡಿಗೊಂದು ಆಗೋ ಸಾಮಾನು ಕಣೇ! ನಾಲ್ಕಕ್ಕೆ ನಲವತ್ತು, ಮೊಳೆಗೆ ಐದು. ಮಿಕ್ಕ 175 ಯಾತಕ್ಕೆ?’

ಉತ್ತರ ಅತ್ತೆಯವರು ಬಂದ ಮೇಲೆ ಸಿಕ್ಕಿತು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಜೋಡೆತ್ತಿನ ಆರಂಬ ಮಾಡಿದ ಮನೆಯವರು ಅವರು. ಆರು ತಿಂಗಳಿಗೆಂದು ಬಂದವರಿಗೆ ಮಾಲ್ ತೋರಿಸಿದೆವು, ಶ್ವೇತಭವನ ತೋರಿಸಿದೆವು, ಆಕಳಿಸಿದರು. ಕುದುರೆಗೆ ಲಾಳ ಕಟ್ಟುತ್ತಾರೆ, ಬರ್ತೀರಾ ಅಂದಾಗ ಸ್ವೆಟರ್ ಹುಡುಕಿದರು.

ಲಾಯಕ್ಕೆ ಪಿಕಪ್ ಟ್ರಕ್ಕು ಬಂತು. ಅದರ ಹಿಂಬದಿಯಲ್ಲೇ ಇಡೀ ಕಮ್ಮಾರಸಾಲೆ: ಗ್ಯಾಸಿನ ಕುಲುಮೆ, ಅಡಿಗಲ್ಲು, ಇಕ್ಕಳ, ಅರ, ಸಾಲು ಸಾಲು ಲಾಳ. ಇಳಿದವಳು ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಮೂವತ್ತರ ಹುಡುಗಿ. ಅತ್ತೆ ಇನ್ನೂ ಗಂಡಸಿಗಾಗಿ ಕಾಯುತ್ತಿದ್ದರು. ಅವಳು ಚರ್ಮದ ಏಪ್ರನ್ ಕಟ್ಟಿ, ಕುದುರೆಯ ಕಾಲನ್ನೆತ್ತಿ ತನ್ನ ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡಾಗ ‘ಅಯ್ಯೋ ಶಿವನೇ, ಕೆಡವಲ್ವಾ?’ ಅಂದರು. ನಮ್ಮ ಕಡೆ ಎತ್ತಿಗೆ ಲಾಳ ಕಟ್ಟುವಾಗ ಹಗ್ಗ ಹಾಕಿ ನೆಲಕ್ಕೆ ಕೆಡವಿ, ಕಾಲು ಬಿಗಿದು, ಮೇಲೊಬ್ಬರು ಹಿಡಿದು ಕೂರುತ್ತಾರೆ. ಇಲ್ಲಿ ಅರ್ಧ ಟನ್ನಿನ ಪ್ರಾಣಿ ನೆಟ್ಟಗೆ ನಿಂತಿದೆ, ಮನುಷ್ಯಳು ಅದರ ಹೊಟ್ಟೆಯ ಕೆಳಗೆ ಎರಡಾಗಿ ಬಗ್ಗಿದ್ದಾಳೆ. ಕಾದ ಲಾಳವನ್ನು ಗೊರಸಿಗೆ ಒತ್ತಿದಾಗ ದಟ್ಟ ಹೊಗೆ ಎದ್ದು ಕೂದಲು ಸುಟ್ಟ ವಾಸನೆ ಬಂತು. ಕುದುರೆ ಕಿವಿ ಕೂಡ ಅಲ್ಲಾಡಿಸಲಿಲ್ಲ. ಹೊರಗೋಡೆಯಲ್ಲಿ ಜೀವವಿಲ್ಲ, ಸುಟ್ಟರೂ ನೋವಿಲ್ಲ. ಒಳಗೊಂದು ಬಿಳಿಗೆರೆ ಇದೆ, ಮೊಳೆ ಅದನ್ನು ದಾಟಿದರೆ ಮಾತ್ರ ಕುದುರೆ ಕುಂಟು. ಮೊಳೆಯ ತುದಿಯನ್ನು ಒಂದು ಬದಿಗೆ ಓರೆ ಮಾಡಿರುತ್ತಾರೆ, ಅದು ಹೊರಕ್ಕೆ ಬಾಗಿ ಗೋಡೆಯಿಂದ ಈಚೆ ತಲೆ ಹಾಕಬೇಕು. ಆ ಓರೆಯನ್ನು ಯಾವ ಕಡೆಗೆ ಇಡಬೇಕೆಂದು ತಿಳಿದಿರುವುದೇ ವಿದ್ಯೆ. (ಕತ್ತರಿಸಿ ಎಸೆದ ಗೊರಸಿನ ಚೂರುಗಳನ್ನು ಲಾಯದ ನಾಯಿಗಳು ಹಪ್ಪಳದಂತೆ ಕರುಂಕರುಂ ಅಗಿಯುವುದನ್ನು ಅತ್ತೆಗೆ ಕಾಣದಂತೆ ಮಾಡಲು ಆಗಲಿಲ್ಲ. ಆ ಸಂಜೆ ಅವರು ಹಪ್ಪಳ ಮುಟ್ಟಲಿಲ್ಲ.)

ದುಡ್ಡು ಕೊಡುವ ಹೊತ್ತಿಗೆ ಅತ್ತೆ ಮುಂದೆ ಬಂದರು. ‘ಕೇಳಮ್ಮ ಅವಳನ್ನ. ನಮ್ಮ ಎತ್ತಿಗೆ ಗೊರಸು ಸೀಳಿರುತ್ತೆ. ಕಾಲಿಗೆ ಎರಡೆರಡು ಬಿಲ್ಲೆ, ಒಟ್ಟು ಎಂಟು. ಇದಕ್ಕೆ ನಾಲ್ಕೇ. ರೇಟು ಅರ್ಧ ಆಗಬೇಕಲ್ವಾ?’

ನಮ್ಮವರ ಮುಖದಲ್ಲಿ ಹೆತ್ತ ತಾಯಿಯ ಬಗ್ಗೆ ಅಂಥ ಹೆಮ್ಮೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ಇಂಗ್ಲಿಷಿಗೆ ತಂದು ಹೇಳಿದೆ. ಅವಳು ಸೊಂಟಕ್ಕೆ ಕೈ ಕೊಟ್ಟು ನಿಧಾನಕ್ಕೆ ನೆಟ್ಟಗಾಗಿ, ನಿಮ್ಮಲ್ಲಿ ಬಗ್ಗೋದು ಎತ್ತು, ಇಲ್ಲಿ ಬಗ್ಗೋದು ನಾನು, ಲಾಳ ಬೇಕಾದರೆ ಪುಕ್ಕಟೆ ಕೊಡ್ತೀನಿ ಅಂದಳು. ಅತ್ತೆ ಒಂದು ಗಳಿಗೆ ಯೋಚಿಸಿ, ‘ನ್ಯಾಯ. ಕೊಡೋ ದುಡ್ಡು’ ಅಂದರು ಮಗನಿಗೆ. ಆಮೇಲೆ ಅವಳಿಗೆ ಮದುವೆಯಾಗಿದೆಯಾ ಅಂತ ಕೇಳಿಸಿದರು. ಚಕ್ಕುಲಿ ಶುರುವಾದದ್ದು ಆವತ್ತಿನಿಂದ.

ನಮ್ಮವರು ಮಾತ್ರ ಅಷ್ಟಕ್ಕೇ ಬಗ್ಗಲಿಲ್ಲ. ವರ್ಜೀನಿಯಾದಲ್ಲಿ ಮನುಷ್ಯನ ಕೂದಲು ಕತ್ತರಿಸಿ ದುಡ್ಡು ತೆಗೆದುಕೊಳ್ಳಲು ಲೈಸೆನ್ಸ್ ಬೇಕು. ರೇಸ್ ಮೈದಾನದ ಮಾತು ಬಿಟ್ಟರೆ, ಕುದುರೆಯ ಗೊರಸು ಕತ್ತರಿಸಲು ಬೇಡ. ಫ್ಯಾರಿಯರುಗಳ, ಅಂದರೆ ಲಾಳ ಕಟ್ಟುವವರ, ಸಂಘದವರು ಪರೀಕ್ಷೆ ನಡೆಸುತ್ತಾರೆ, ಆದರೆ ಬರೆಯಲೇಬೇಕೆಂದಿಲ್ಲ. ಇಂಗ್ಲೆಂಡಿನಲ್ಲಾದರೆ 1975ರ ಕಾಯಿದೆಯ ಪ್ರಕಾರ, ನೋಂದಣಿ ಇಲ್ಲದವರು ತಮ್ಮ ಸ್ವಂತ ಕುದುರೆಗೂ ಲಾಳ ಕಟ್ಟುವ ಹಾಗಿಲ್ಲ. ಅಲ್ಲಿ ವರ್ಷಗಟ್ಟಲೆ ಗುರುವಿನ ಕೈಕೆಳಗೆ ಕಲಿತೇ ಆಗಬೇಕು, ಲಂಡನ್ನಿನ ಅವರ ಸಂಘದ ಮೂಲ 1356ರಷ್ಟು ಹಿಂದಕ್ಕೆ ಹೋಗುತ್ತದೆ. ಅಮೆರಿಕ ಸ್ವತಂತ್ರರ ನಾಡು. ಸ್ವಾತಂತ್ರ್ಯವನ್ನು ಬಳಸಿಕೊಳ್ಳಲು ನಮ್ಮವರು ವಿಡಿಯೋ ನೋಡಿ, ಅರವೊಂದನ್ನು ತರಿಸಿ, ಒಂದು ಶನಿವಾರ ಕಾಲು ಎತ್ತಿಯೇಬಿಟ್ಟರು. ಕುದುರೆ ಬಹಳ ಸಾಧು. ಯಾರೋ ಹಿಡಿದುಕೊಂಡಿದ್ದಾರೆ ಎಂಬ ಭರವಸೆಯಲ್ಲಿ ತನ್ನ ಭಾರವನ್ನೆಲ್ಲ ಇವರ ಮೇಲೆ ಇಳಿಸಿ ಕಣ್ಣು ಮುಚ್ಚಿತು. ಫಿಸಿಯೋಥೆರಪಿಗೆ ಸಲಕ್ಕೆ 40 ಡಾಲರ್, ಇನ್ಶೂರೆನ್ಸ್ ಕೊಟ್ಟು ಮಿಕ್ಕದ್ದು.

ಇನ್ನು ಲಾಳ ಕಳೆಯುವ ಕಥೆ. ವಸಂತದಲ್ಲಿ ಇಲ್ಲಿನ ಹುಲ್ಲುಗಾವಲೆಲ್ಲ ಕೆಸರು. ಓಡುವಾಗ ಹಿಂದಿನ ಕಾಲಿನ ತುದಿ ಮುಂದಿನ ಲಾಳವನ್ನು ಮೆಟ್ಟಿ ಕಿತ್ತುಹಾಕುತ್ತದೆ. ಅದನ್ನು ತಡೆಯಲು ಗಂಟೆಯಾಕಾರದ ರಬ್ಬರಿನ ಬೂಟು ಸಿಗುತ್ತದೆ, ನಮ್ಮ ಕುದುರೆ ಅದನ್ನೂ ಕಳೆಯುತ್ತದೆ. ಬಿದ್ದ ಲಾಳ ಹುಡುಕಿ ಕೊಟ್ಟರೆ ಮತ್ತೆ ಹೊಡೆಯಲು 40, ಹೊಸದಾದರೆ 55. ಹದಿನೈದು ಡಾಲರ್ ಉಳಿಸಲು ನಮ್ಮವರು 60 ಡಾಲರಿನ ಮೆಟಲ್ ಡಿಟೆಕ್ಟರ್ ತಂದರು. ಅದಕ್ಕೆ ಬಿಯರ್ ಡಬ್ಬಿ ಸಿಕ್ಕಿತು, ಗೇಟಿನ ಹಳೇ ಕೊಂಡಿ ಸಿಕ್ಕಿತು. ಲಾಳ ಸಿಕ್ಕಿದ್ದು ಅತ್ತೆಯ ಬರಿಗಣ್ಣಿಗೆ. ಸಿಕ್ಕಿದ್ದೇ ಸೆರಗಿನಡಿ ಮುಚ್ಚಿಟ್ಟುಕೊಂಡರು.

‘ತಾನಾಗಿ ಬಿದ್ದ ಲಾಳ ಕಣೋ, ವಾಪಸು ಕೊಡಬಾರದು. ಬಾಗಿಲಿಗೆ ಹೊಡಿ.’

‘ಅಮ್ಮಾ, ಹದಿನೈದು ಡಾಲರ್.’

‘ಇಷ್ಟು ದೊಡ್ಡ ಮನೆ ಮೇಲಿನ ದೃಷ್ಟಿ ಹದಿನೈದು ಡಾಲರಿಗೆ ಹೋಗೋದಾದರೆ ಹೋಗಲಿ.’

ಟೌನ್‌ಹೌಸಿನ ಸಂಘದ ನಿಯಮದಲ್ಲಿ ಮುಂಬಾಗಿಲಿಗೆ ಮೊಳೆ ಹೊಡೆಯುವಂತಿಲ್ಲ, ಹಾಗಾಗಿ ಒಳಬದಿಗೆ ಹೊಡೆದೆವು. ದೃಷ್ಟಿ ಒಳಗೆ ಬಂದ ಮೇಲೆ ಅದನ್ನು ನೋಡಿ ವಾಪಸು ಹೋಗುತ್ತದೆ ಅಂತ ಅತ್ತೆಯ ತೀರ್ಮಾನ. ಗಣೇಶನ ಹಬ್ಬಕ್ಕೆ ಬಂದವರೆಲ್ಲ ಅದನ್ನು ಕಂಡು ನಮಗೂ ಒಂದು ಅಂದರು. ಶನಿಕಾಟದವರು ಮಾತ್ರ ಕಪ್ಪು ಕುದುರೆಯದೇ ಬೇಕು ಅಂತ ಹಟ ಹಿಡಿದಿದ್ದಾರೆ. ನಮ್ಮದು ಕಂದು. ಲಾಳದ ಹುಡುಗಿ ಹಳೇ ಲಾಳಗಳ ಬಕೆಟ್ಟನ್ನೇ ಕೊಟ್ಟು ಹೋಗಿದ್ದಾಳೆ, ಯಾವುದು ಯಾವ ಬಣ್ಣದ ಕುದುರೆಯದೆಂದು ಅವಳಿಗೂ ನೆನಪಿಲ್ಲ. ನಾವೂ ಕೆದಕಿ ಕೇಳಿಲ್ಲ.

ನನ್ನ ಲೆಕ್ಕದಲ್ಲಿ ಆ 220 ಹೆಚ್ಚೇನಲ್ಲ. ಲಾಯದ ಬಾಡಿಗೆ ತಿಂಗಳಿಗೆ ಸಾವಿರ ಡಾಲರಿನ ಹತ್ತಿರ ಹೋಗುತ್ತದೆ, ಅದನ್ನು ತೆರುವಾಗ ಯಾರ ಬೆನ್ನೂ ನಮ್ಮ ಕಣ್ಣ ಮುಂದೆ ಬಗ್ಗುವುದಿಲ್ಲ. ಒಪ್ಪಿದ ದಿನ ಬಂದು, ಕುದುರೆಯನ್ನು ಕುಂಟಿಸದೆ ಕಳಿಸುವವರು ಸಿಕ್ಕಿದರೆ ಕೇಳಿದಷ್ಟು ಕೊಟ್ಟು ಉಳಿಸಿಕೊಳ್ಳಿ. ಇಲ್ಲಿ ಒಳ್ಳೆಯ ಫ್ಯಾರಿಯರ್ ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುವುದೇ ಅಪರೂಪ.

ಕಡೆಯದಾಗಿ ಒಂದು ವಿಜ್ಞಾಪನೆ. ಮಗಳು ಬರುವ ವರ್ಷ ಕಾಲೇಜಿಗೆ ಹೋಗುತ್ತಾಳೆ, ಕುದುರೆಗೆ ಅಡ್ಮಿಷನ್ ಇಲ್ಲ. ಅರ್ಧ ಲೀಸಿಗೆ, ಅಂದರೆ ಅರ್ಧ ವಾರ ಸವಾರಿ, ಅರ್ಧ ಖರ್ಚು ಎಂಬ ಕರಾರಿಗೆ, ಲೌಡನ್ ಕೌಂಟಿಯ ಕನ್ನಡದ ಮನೆಯವರು ಯಾರಾದರೂ ಇದ್ದರೆ ತಿಳಿಸಿ. ಚಳಿಗಾಲಕ್ಕೆ ಹಿಂದಿನ ಕಾಲುಗಳ ಲಾಳ ತೆಗೆಸಿದ್ದೇವೆ, ಅವಕ್ಕೆ ಬರೀ ಅರ ಹಾಕಿದರೆ ಸಾಕು. ಬೇಕಾದರೆ ಆ ಎರಡು ಕಾಲು ನಿಮ್ಮ ಪಾಲಿಗಿರಲಿ, ಮುಂದಿನ ಎರಡನ್ನು ನಾವೇ ನೋಡಿಕೊಳ್ಳುತ್ತೇವೆ.