ಇಳಕಲ್ಲಿನಾಗ ಪಾಲಕರ ಸಭೆ

(ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಸಭೆಗೆ ಬಂದವರು ಒಬ್ಬರೇ ನೇಕಾರರು. ಅವರೂ ಆಧಾರ್ ಝೆರಾಕ್ಸ್ ಕೊಡಾಕ ಬಂದವರು.)

ನೇಕಾರ: ಅಕ್ಕೋರ, ಸಾಲ್ಯಾಗ ಏನ್ ಕಲಸ್ತೀರಿ? ಹುಡುಗ ಬರೇ ಹಾಡತಾನ, ಕುಣೀತಾನ.

ಅಕ್ಕೋರು: ಅದು ನಲಿ-ಕಲಿ ಪದ್ಧತಿ ರೀ, ಹಾಡಕೋತ ಕುಣಕೋತ ಕಲಿಯೂದು. 1995ರಾಗ ಹೆಗ್ಗಡದೇವನಕೋಟೆಯಾಗ ಶುರುವಾಗಿ ರಾಜ್ಯಕ್ಕೆಲ್ಲ ಬಂತು.

ನೇಕಾರ: ಹೊಡತ ಇಲ್ಲ, ಬಡತ ಇಲ್ಲ. ಅದೆಂಥ ಸಾಲಿ?

ಅಕ್ಕೋರು: ಹೊಡಿಯೂದು ಕಾಯ್ದೆ ಪ್ರಕಾರ ತಪ್ಪು. ಇರಲಿ, ರಾತ್ರಿ ಅವನ ಪುಸ್ತಕ ತಗದ ನೋಡೀರೇನು?

ನೇಕಾರ: ಟೈಮ್ ಎಲ್ಲೈತ್ರಿ? ಮೊಬೈಲ್ ನೋಡೂದ ಮುಗಿಯೂದಿಲ್ಲ.

ಅಕ್ಕೋರು: ನಂದೂ ಹಂಗ ಆಗೇತಿ. ಗಣತಿ ಆತು, ಮತದಾರರ ಪಟ್ಟಿ ಆತು, ತತ್ತಿ-ಬಾಳೆಹಣ್ಣಿನ ಲೆಕ್ಕ ಬರಿಯೂದಾತು. ಹುಡುಗರ ಮಾರಿ ನೋಡೂದು ಯಾವಾಗ?

ನೇಕಾರ: ಅದಕ್ಕ ಅವಗ ಲೆಕ್ಕ ಬರವಲ್ದು!

ಅಕ್ಕೋರು: ಮಗ್ಗದ ಹಂತ್ಯಾಕ ಕುಂತಾಗ?

ನೇಕಾರ: ಅಲ್ಲಿ ಬಿಡ್ರಿ. ಹತ್ತಿ ಒಡಲಿಗೆ ರೇಷ್ಮಿ ಸೆರಗಿನ ಎಳಿ ಕೊಂಡಿ ಹಾಕುವಾಗ ಒಂದು ತಪ್ಪಿದ್ರೂ ನನಗ ಬೈತಾನ.

ಅಕ್ಕೋರು: ಅದ ಲೆಕ್ಕ ಅಲ್ಲೇನ್ರೀ? ಅಲ್ಲೇ ಕುಂತು ಎಣಿಸಿ ಕೂಡಸ್ರಿ, ಕಳಿಯಾಕ ಹೇಳ್ರಿ. ನಾ ಇಲ್ಲಿ ಅದನ್ನ ಹಲಗಿ ಮ್ಯಾಲ ಬರಸ್ತೀನಿ.

ನೇಕಾರ: ಅದು ಮನಿ ಕೆಲಸರಿ! ಲೆಕ್ಕ ಅಂದ್ರ ಟ್ಯೂಷನ್‌ನಾಗ ಇರತೈತಿ, ರೊಕ್ಕ ಕೊಟ್ಟ ಮ್ಯಾಲ.

(ನಡಾವಳಿ ಪುಸ್ತಕದಲ್ಲಿ ‘ಸಭೆ ಯಶಸ್ವಿ’ ಎಂದು ದಾಖಲಾಯಿತು. ಬಾರದವರ ಸಹಿ ಮನೆಮನೆಗೆ ಹೋಗಿ ತರಲಾಯಿತು.)

ಸಭೆಗೆ ಬಂದ ಪಾಲಕರು ಒಬ್ಬರೇ; ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು.